ಅಗಸೆ ಎಣ್ಣೆ ಮತ್ತು ದೊಡ್ಡಪ್ಪನ ಕೋವಿ

ಕೋವಿಗೆ ಯಾವ ಎಣ್ಣೆ ಹಾಕಬೇಕು ಎಂದು ಈಗ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದ್ದವರು ಒಬ್ಬರೇ, ನನ್ನ ದೊಡ್ಡಪ್ಪ. ಅವರ ಬಳಿ ಈಗ ಕೋವಿಯೇ ಇಲ್ಲ. ಅದು ಹೋದದ್ದು ನನ್ನಿಂದ ಎಂದು ಅವರ ಮನೆಯವರೆಲ್ಲ ಹೇಳುತ್ತಾರೆ. ನಾನು ಬಹಳ ದಿನ ಒಪ್ಪಿರಲಿಲ್ಲ. ಪುರಾವೆ ಇಲ್ಲದೆ ಯಾವುದನ್ನೂ ಒಪ್ಪುವುದಿಲ್ಲ ಎನ್ನುವುದು ನಾನು ಕಾಲೇಜು ದಿನಗಳಿಂದ ಸಾಕಿಕೊಂಡು ಬಂದ ಜಂಬ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದೆ. ಮಾಗಡಿಯಲ್ಲಿ ಎರಡು ವರ್ಷ, ಕನಕಪುರದಲ್ಲಿ ಮೂರು ವರ್ಷ ಪಾಠ ಹೇಳಿದೆ. ಎಲ್ಲೂ ಕಾಲೂರದೆ ಈಗ ರಾಮನಗರದಲ್ಲಿದ್ದೇನೆ. ಎಲ್ಲಿ ಹೋದರೂ ಆ ಜಂಬ ಮಾತ್ರ ಜೊತೆಗೆ ಬಂತು.

ದೊಡ್ಡಪ್ಪನ ಊರು ಮರಳವಾಡಿಯಿಂದ ಆಚೆ, ಕಾಡಿನ ಅಂಚಿನಲ್ಲಿ. ಹೊಲ ಮುಗಿದಲ್ಲಿ ಕಂದಕ, ಕಂದಕದ ಆಚೆ ಕಾಡು. ರಾಗಿ ತೆನೆ ಬಲಿಯುವ ಹೊತ್ತಿಗೆ ಹಂದಿ ಬರುತ್ತದೆ, ಕೆಲವು ವರ್ಷ ಆನೆಯೂ ಬರುತ್ತದೆ. ಅವುಗಳನ್ನು ಬೆದರಿಸಲು ದೊಡ್ಡಪ್ಪನಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು, ಒಂದು ಒಂಟಿನಳಿಗೆ ಕೋವಿ ಇತ್ತು. ನಡುವೆ ಮಡಚಿ ಹಿಂದಿನಿಂದ ತೋಟಾ ತುಂಬುವ ಹಳೆಯ ಮಾದರಿ. ವರ್ಷಕ್ಕೆ ನಾಲ್ಕೋ ಐದೋ ಸಲ ಅದನ್ನು ಆಕಾಶಕ್ಕೆ ಹಾರಿಸುತ್ತಿದ್ದರು. ಅವರು ಅದರಿಂದ ಒಂದು ಪ್ರಾಣಿಯನ್ನೂ ಕೊಂದದ್ದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದನ್ನು ಈಗ ನಾನು ಎಚ್ಚರದಿಂದ ಬರೆಯುತ್ತೇನೆ.

ಹಾರಿಸುವುದು ಐದು ಸಲವಾದರೆ ಒರೆಸುವುದು ಐವತ್ತು ಸಲ. ಬೆಳಿಗ್ಗೆ ಎಮ್ಮೆಯ ಕೆಲಸ ಮುಗಿದ ಮೇಲೆ ಜಗಲಿಯ ಮೇಲೆ ಗೋಣಿತಾಟು ಹಾಸಿ ಕೂರುತ್ತಿದ್ದರು. ಹಳೆ ಪಂಚೆಯ ಚಿಂದಿಯನ್ನು ಬಿದಿರು ಕಡ್ಡಿಗೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ನಳಿಗೆಯೊಳಗೆ ಆಡಿಸುವುದು. ಒಣ ಬಟ್ಟೆಯಲ್ಲಿ ಒರೆಸುವುದು. ಕೊನೆಗೆ ಹೊಲಿಗೆ ಮಿಷನ್ನಿನ ಎಣ್ಣೆ ಎರಡು ತೊಟ್ಟು, ಮಡಚುವ ಕೀಲಿಗೆ ಒಂದು, ಕುದುರೆಗೆ ಒಂದು. ಕುದುರೆ ಎಂದರೆ ಹಿಂದಕ್ಕೆಳೆದು ಬಿಟ್ಟಾಗ ತೋಟಾದ ತಳಕ್ಕೆ ಬಡಿಯುವ ಭಾಗ. ಆಮೇಲೆ ಆ ಎಣ್ಣೆಯನ್ನೂ ಒರೆಸಿಬಿಡುತ್ತಿದ್ದರು.

"ಹಾಕಿದ್ದನ್ನೇ ಯಾಕೆ ಒರೆಸ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ಎಣ್ಣೆ ಕಣ್ಣಿಗೆ ಕಾಣಬಾರ್ದು ಕಣ್ಲಾ. ಕೈಗೆ ಗೊತ್ತಾದ್ರೆ ಸಾಕು."

ಆ ಎಣ್ಣೆ ಅತ್ತಿಗೆಯದು. ದೊಡ್ಡಪ್ಪನ ಮಗನ ಹೆಂಡತಿ. ಮನೆಯಲ್ಲೇ ಊರವರ ಬಟ್ಟೆ ಹೊಲಿಯುತ್ತಾರೆ. ಮೂತಿ ಉದ್ದದ ಸಣ್ಣ ಪ್ಲಾಸ್ಟಿಕ್ ಬಾಟಲಿ ಜಗಲಿಗೆ ಹೋದದ್ದು ಕಂಡರೆ ಒಳಗಿನಿಂದಲೇ ಕೂಗುತ್ತಿದ್ದರು: "ಮಾವ, ಒಂದ್ ತೊಟ್ಟಾದ್ರೂ ಉಳ್ಸಿ! ಇಲ್ದಿದ್ರೆ ಆ ಬಂದೂಕದಲ್ಲೇ ಬ್ಲೌಸು ಹೊಲೀತೀನಿ ನಾನು."

"ಹೊಲಿಯವ್ವ, ಗುಂಡಿ ಮಾತ್ರ ನಾನೇ ಹೊಡ್ಕೊಡ್ತೀನಿ."

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದಕ್ಕೆ ಅಡ್ಡ ಬಂದದ್ದು ಚುನಾವಣೆ. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ಹಳೆ ಸೀರೆಯಲ್ಲಿ ಸುತ್ತಿದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ ಮುದುಕರನ್ನು ಆ ವಾರ ಎಲ್ಲಿ ನೋಡಿದರೂ ಕಾಣಬಹುದು. ಠಾಣೆಯಲ್ಲಿ ನಳಿಗೆಗೆ ಚೀಟಿ ಕಟ್ಟಿ, ರಸೀದಿ ಕೊಟ್ಟು, ಒಂದು ಕೋಣೆಯಲ್ಲಿ ಸಾಲಾಗಿ ಒರಗಿಸುತ್ತಾರೆ. ಮತ ಎಣಿಕೆ ಎಲ್ಲ ಮುಗಿದು ವಾಪಸು ಬರುವಾಗ ಎರಡು ಮೂರು ತಿಂಗಳು ಕಳೆದಿರುತ್ತದೆ. ಅಷ್ಟು ದಿನ ಅದನ್ನು ಮುಟ್ಟುವವರಿಲ್ಲ. ಹಿಂದಿನ ಸಲ ದೊಡ್ಡಪ್ಪನ ಕೋವಿ ಮೈತುಂಬ ತುಕ್ಕಿನ ಚುಕ್ಕೆ ಹೊತ್ತು ಬಂದಿತ್ತು. ಅದನ್ನು ತಿಕ್ಕಿ ತೆಗೆಯಲು ಅವರಿಗೆ ವಾರ ಹಿಡಿಯಿತು. ಆ ವಾರ ಅವರು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ ಎಂದು ಅತ್ತಿಗೆ ಹೇಳಿದ್ದರು.

ಮುಂದಿನ ಚುನಾವಣೆಯ ಸುದ್ದಿ ಶುರುವಾದಾಗ ದೊಡ್ಡಪ್ಪ ನನ್ನನ್ನು ಕೇಳಿದರು. ಆ ವರ್ಷ ಇನ್ನೊಂದು ಆತಂಕವೂ ಇತ್ತು. ಕೋವಿ ವಾಪಸು ಬರುವ ತಿಂಗಳಲ್ಲೇ ಲೈಸೆನ್ಸಿನ ನವೀಕರಣ. ಠಾಣೆಯವರು ಕೋವಿಯನ್ನು ನೋಡಿ, ಸರಿಯಾಗಿದೆ ಎಂದು ಬರೆದರೆ ಮಾತ್ರ ಲೈಸೆನ್ಸ್ ಮುಂದುವರಿಯುತ್ತದೆ. ಒಮ್ಮೆ ತಪ್ಪಿದರೆ ಈ ಕಾಲದಲ್ಲಿ ಹೊಸದಾಗಿ ಕೊಡುವವರು ಯಾರು?

"ನೀನು ಓದಿರೋನು. ಮೂರು ತಿಂಗ್ಳು ಯಾರೂ ಮುಟ್ದಿದ್ರೂ ತುಕ್ಕು ಹಿಡೀಬಾರ್ದು, ಅಂಥಾ ಎಣ್ಣೆ ಯಾವ್ದೈತೆ ಒಸಿ ನೋಡಿ ಹೇಳ್ಲಾ."

ಊರಲ್ಲಿ ಎಲ್ಲರ ಬಳಿಯೂ ಒಂದೊಂದು ಉತ್ತರವಿತ್ತು. ಕೊಬ್ಬರಿ ಎಣ್ಣೆ ಎಂದರು. ಅದು ಚಳಿಗೆ ಹೆಪ್ಪುಗಟ್ಟಿ ಕುದುರೆಯನ್ನು ನಿಧಾನ ಮಾಡುತ್ತದೆ. ಹರಳೆಣ್ಣೆ ಎಂದರು; ಅಂಟು, ಧೂಳೆಲ್ಲ ಹಿಡಿಯುತ್ತದೆ. ಬೈಕಿನಿಂದ ಇಳಿಸಿದ ಕರಿ ಆಯಿಲ್ ಎಂದರು. ಅದರಲ್ಲಿರುವ ಹುಳಿಯೇ ಕಬ್ಬಿಣವನ್ನು ತಿನ್ನುತ್ತದೆ. ಇದನ್ನೆಲ್ಲ ಜಗಲಿಯ ಮೇಲೆ ನಿಂತು ಒಂದೊಂದಾಗಿ ಅಲ್ಲಗಳೆದದ್ದು ನನಗೆ ನೆನಪಿದೆ. ಅಲ್ಲಗಳೆಯುವುದು ನನಗೆ ಚೆನ್ನಾಗಿ ಬರುತ್ತದೆ. ಕೋವಿಯ ಎಣ್ಣೆ ಆರಿಹೋಗಬಾರದು, ಅಂಟಾಗಬಾರದು, ಧೂಳು ಹಿಡಿಯಬಾರದು, ತೇವವನ್ನು ಹತ್ತಿರ ಸೇರಿಸಬಾರದು ಎಂದು ಅಂದು ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಸರಿಯಾದ ಉತ್ತರ ಅಲ್ಲೇ, ಅತ್ತಿಗೆಯ ಮಿಷನ್ನಿನ ಪಕ್ಕದಲ್ಲೇ ಇತ್ತು. ಅದನ್ನೇ ಒರೆಸದೆ ಸ್ವಲ್ಪ ಹೆಚ್ಚಿಗೆ ಬಿಡಿ, ಮೇಲೊಂದು ಎಣ್ಣೆಬಟ್ಟೆ ಸುತ್ತಿ ಕೊಡಿ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಸುಲಭದ ಉತ್ತರ ಕೊಡಲು ಎಂಎಸ್ಸಿ ಯಾಕೆ ಬೇಕು ಎಂದುಕೊಂಡೆನೋ ಏನೋ.

ಅದೇ ಹೊತ್ತಿಗೆ ಕೋವಿಯ ಮರದ ಹಿಡಿ ಒಣಗಿ ಬಿರುಕು ಬಿಡುತ್ತಿತ್ತು. ಚನ್ನಪಟ್ಟಣದಲ್ಲಿ ನನಗೆ ಗೊತ್ತಿದ್ದ ಒಬ್ಬ ಸಾಹೇಬರಿದ್ದಾರೆ. ಲೇತಿನಲ್ಲಿ ಮರದ ಬೊಂಬೆ ಕಡೆಯುವವರು, ಅವರ ಮಗಳು ನನ್ನ ವಿದ್ಯಾರ್ಥಿನಿ. ಅವರನ್ನು ಕೇಳಿದೆ. ಬೊಂಬೆಯ ಅರಗು ಬಿಸಿಲಿಗೆ ಸೀಳುತ್ತದೆ, ಬೇಡ ಎಂದರು. ಅಗಸೆ ಎಣ್ಣೆ ಕೊಟ್ಟರು. ಮರ ಅದನ್ನು ಕುಡಿಯುತ್ತದೆ, ಮೇಲೆ ಉಳಿದದ್ದು ಗಾಳಿಗೆ ಒಣಗಿ ತೆಳ್ಳನೆಯ ಗಟ್ಟಿ ಪೊರೆಯಾಗುತ್ತದೆ. ಇದು ನನಗೆ ಹೊಸದಲ್ಲ. ಗಾಳಿಯ ಆಮ್ಲಜನಕ ಸೇರಿ ಆ ಎಣ್ಣೆ ಹೇಗೆ ಗಟ್ಟಿಯಾಗುತ್ತದೆ ಎಂದು ನಾನೇ ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಮುಂದಿನದು ನನಗೆ ಬಹಳ ಸ್ಪಷ್ಟವಾಗಿ ನೆನಪಿತ್ತು. ಆ ಬಾಟಲಿ ಹಿಡಿದು ನಾನು ದೊಡ್ಡಪ್ಪನ ಮನೆಗೆ ಹೋದೆ. ಅತ್ತಿಗೆ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ದೊಡ್ಡಪ್ಪ ಬಾಟಲಿಯ ಬಿರಡೆ ತೆಗೆದು ಮೂಸಿ ನೋಡಿದರು. "ಇದು ಮರಕ್ಕೆ ಮಾತ್ರ. ಕಬ್ಬಿಣಕ್ಕೆ ತಾಗಿಸಬೇಡಿ. ಸಾಹೇಬರೂ ಅದನ್ನೇ ಹೇಳಿದ್ದಾರೆ," ಎಂದೆ. "ಮರಕ್ಕೆ ಮಾತ್ರ," ಎಂದು ಅವರೂ ಒಮ್ಮೆ ಹೇಳಿ ತಲೆಯಾಡಿಸಿದರು.

ಚುನಾವಣೆ ಮುಗಿಯಿತು. ಕೋವಿ ಬಿಡಿಸಿಕೊಳ್ಳಲು ದೊಡ್ಡಪ್ಪನ ಜೊತೆ ನಾನು ಹೋದೆ, ಅತ್ತಿಗೆಯೂ ಬಂದಿದ್ದರು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನವೀಕರಣದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎದೆಗೆ ಒತ್ತಿಕೊಂಡು ಬಂದಿದ್ದರು. ಪೇದೆ ಒಳಗಿನಿಂದ ಕೋವಿ ತಂದು ಮೇಜಿನ ಮೇಲಿಟ್ಟ. ಒಂದು ಚುಕ್ಕೆ ತುಕ್ಕು ಇರಲಿಲ್ಲ. ಮೈಯೆಲ್ಲ ಜೇನುಬಣ್ಣದ ಹೊಳಪು. ನೋಡಿ ನನಗೆ ಸಂತೋಷವಾಯಿತು. ಸಬ್ ಇನ್ಸ್‌ಪೆಕ್ಟರು ಅದನ್ನು ಮಡಚಲು ಹೋದರು, ಮಡಚಲಿಲ್ಲ. ಮಂಡಿಗೆ ಒತ್ತಿ ನೋಡಿದರು. ಕುದುರೆಯನ್ನು ಎಳೆದರು, ಅದು ಅಲ್ಲಾಡಲಿಲ್ಲ.

"ಏನ್ ಯಜಮಾನ್ರೇ ಇದು? ಗೋಂದು ಬಳಿದು ತಂದುಕೊಟ್ಟಿದ್ರಾ?"

ದೊಡ್ಡಪ್ಪ ಕೋವಿಯ ಮೇಲೆ ಉಗುರಿನಿಂದ ಗೀರಿದರು. ಹಳದಿ ಪೊರೆ ಎದ್ದು ಬಂತು. ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

ಅಂದು ಆಗಬೇಕಾಗಿದ್ದುದು ಇಷ್ಟೇ: ಒಂದು ಲೋಟ ಸೀಮೆಎಣ್ಣೆ, ಅರ್ಧ ದಿನದ ಅವಕಾಶ. ಪೊರೆ ನೆನೆದು ಬಿಡುತ್ತಿತ್ತು, ಕೋವಿಗೆ ಏನೂ ಆಗಿರಲಿಲ್ಲ. ನಾನು ಅದನ್ನು ಕೇಳಲಿಲ್ಲ. ತಪ್ಪು ಯಾರದು ಎನ್ನುವುದು ಮೊದಲು ಇತ್ಯರ್ಥವಾಗಬೇಕಿತ್ತು ನನಗೆ.

"ಸಾರ್, ಅವರಿಗೆ ವಯಸ್ಸಾಗಿದೆ," ಎಂದೆ. "ನಾನು ಮರಕ್ಕೆ ಅಂತ ಕೊಟ್ಟಿದ್ದ ಎಣ್ಣೆ ಇದು. ಗೊತ್ತಾಗದೆ ಎಲ್ಲಕ್ಕೂ ಬಳಿದುಬಿಟ್ಟಿದ್ದಾರೆ. ಹೇಳಿದ್ದು ಒಂದೊಂದು ಸಲ ಮರೆತುಹೋಗುತ್ತೆ ಅವರಿಗೆ."

"ಮರೆತುಹೋಗುತ್ತಾ?" ಅವರು ಪೆನ್ನು ಕೈಗೆ ತೆಗೆದುಕೊಂಡರು. ಕೆಟ್ಟ ಮನುಷ್ಯರಲ್ಲ, ಸ್ವರದಲ್ಲಿ ಮರ್ಯಾದೆ ಇತ್ತು. "ಹೌದಾ ಯಜಮಾನ್ರೇ?"

ದೊಡ್ಡಪ್ಪ ನನ್ನನ್ನು ಒಮ್ಮೆ ನೋಡಿದರು. "ಓದಿರೋ ಹುಡ್ಗ ಹೇಳ್ತಾವ್ನಲ್ಲ ಸ್ವಾಮಿ. ಸರಿಯಾಗೇ ಇರ್ತದೆ."

ಅತ್ತಿಗೆ ಅವರ ಕಿವಿಯಲ್ಲಿ ಏನೋ ಹೇಳಿದರು. ದೊಡ್ಡಪ್ಪ ಬೇಡ ಎಂಬಂತೆ ಕೈಯಾಡಿಸಿದರು. ಆಗ ನನಗೆ ಅದರ ಅರ್ಥವಾಗಲಿಲ್ಲ.

ಕೋವಿ ಅಲ್ಲೇ ಉಳಿಯಿತು. ಕೆಲವು ವಾರಗಳ ಮೇಲೆ ಕಾಗದ ಬಂತು. ಪರವಾನಗಿದಾರರು ವಯೋವೃದ್ಧರು, ಮರೆವುಳ್ಳವರು, ಆಯುಧವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಅಸಮರ್ಥರು, ಆದ್ದರಿಂದ ನವೀಕರಿಸಿಲ್ಲ. ಓದಿ ಹೇಳಲು ದೊಡ್ಡಪ್ಪ ನನ್ನನ್ನೇ ಕರೆಸಿದರು. ಓದಿದೆ. ಮರೆವುಳ್ಳವರು ಎನ್ನುವ ಪದ ಬಿಟ್ಟು ಮುಂದೆ ಓದಿದೆ. ಬಿಟ್ಟದ್ದು ಅವರಿಗೆ ತಿಳಿಯಿತೆಂದು ಕಾಣುತ್ತದೆ. ಮಡಚಿ ಕೊಡಲು ಹೋದಾಗ, "ಅದೇನೋ ನುಂಗ್ಕಂಡ್ಯಲ್ಲ, ಅದ್ನೂ ಓದ್ಲಾ," ಎಂದರು. ಓದಿದೆ.

ಅದಾದ ಮೇಲೂ ನನ್ನದು ತಪ್ಪಿಲ್ಲ ಎಂದೇ ನಂಬಿದ್ದೆ. ಅಗಸೆ ಎಣ್ಣೆ ಒಣಗುತ್ತದೆ ಎಂದು ಪಾಠ ಮಾಡುವವನು ಅದನ್ನು ಕೋವಿಯ ಕೀಲಿಗೆ ಹಚ್ಚಿ ಎಂದು ಹೇಳಿರಲು ಸಾಧ್ಯವೇ ಇಲ್ಲ. ಇದು ನನ್ನ ವಾದ. ಆದರೂ ಸುಮ್ಮನಿರಲಾಗಲಿಲ್ಲ. ಸಾಕ್ಷಿ ಬೇಕೆಂದು ಒಂದು ಭಾನುವಾರ ಚನ್ನಪಟ್ಟಣಕ್ಕೆ ಹೋದೆ. ಸಾಹೇಬರು ಲೇತಿನ ಮುಂದೆ ಕೂತು ಬುಗುರಿಗೆ ಹಸಿರು ಅರಗು ಹಿಡಿಯುತ್ತಿದ್ದರು.

"ಅವತ್ತು ಈ ಎಣ್ಣೆ ಮರಕ್ಕೆ ಮಾತ್ರ ಅಂತ ಹೇಳಿದ್ರಲ್ಲ, ನೆನಪಿದೆಯಾ?"

"ಮರಕ್ಕೆ ಮಾತ್ರ ಅಂತ ನಾನ್ಯಾಕೆ ಹೇಳ್ಲಿ ಸಾರ್?" ಅವರು ಲೇತು ನಿಲ್ಲಿಸಿದರು. "ನನ್ ಹತ್ರ ಬರೋರೆಲ್ಲಾ ಮರದೋರೇ. ಕಬ್ಬಿಣದ್ ಮಾತೇ ಇಲ್ಲ ಇಲ್ಲಿ."

"ಕೋವಿಗೆ ಅಂತ ಹೇಳಿದ್ದೆನಲ್ಲ?"

"ಯಾ ಅಲ್ಲಾ, ಬಂದೂಕಕ್ಕಾ? ನೀವು ಹಳೇ ಕುರ್ಚಿಗೆ ಅಂದ್ರಿ ಸಾರ್. ಬಂದೂಕ ಅಂದಿದ್ರೆ ನಾನು ಟೀ ಕುಡ್ಸಿ ಕಳಿಸ್ಬಿಡ್ತಿದ್ದೆ, ಎಣ್ಣೆ ಕೊಡ್ತಿರ್ಲಿಲ್ಲ."

ಹಳೆ ಕುರ್ಚಿ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು, ಕೋವಿ ಎನ್ನಲು ಅಳುಕಿ ಹಾಗೆ ಹೇಳಿರಬಹುದು. ಹೇಳಿದ್ದು ನೆನಪಿಲ್ಲ. ನೆನಪಿದ್ದದ್ದು ಅವರು ಹೇಳದ ಮಾತು.

ಅಲ್ಲಿಂದ ನೇರ ದೊಡ್ಡಪ್ಪನ ಮನೆಗೆ ಹೋದೆ. ಮಧ್ಯಾಹ್ನ ಕಳೆದಿತ್ತು. ದೊಡ್ಡಪ್ಪ ಹೊಲಕ್ಕೆ ಹೋಗಿದ್ದರು. ದೂರದಿಂದ ಅವರು ತಗಡು ಬಡಿಯುವ ಸದ್ದು ಕೇಳುತ್ತಿತ್ತು. ಕೋವಿ ಹೋದ ಮೇಲೆ ಹಂದಿಗೆ ಅದೇ ಗತಿ. ಅತ್ತಿಗೆ ಮಿಷನ್ನಿನ ಮುಂದಿದ್ದರು. ನಾನು ಆ ದಿನದ ವಿಷಯ ತೆಗೆದೆ: ನೀವು ಹುರುಳಿ ಕೇರುತ್ತಿದ್ದಿರಿ, ದೊಡ್ಡಪ್ಪ ಬಾಟಲಿ ಮೂಸಿದರು, ನಾನು ಇಂಥ ಮಾತು ಹೇಳಿದೆ.

ಅತ್ತಿಗೆ ಕಾಲು ನಿಲ್ಲಿಸಿದರು. "ಯಾವತ್ತು ಮೇಷ್ಟ್ರೇ?"

"ಎಣ್ಣೆ ತಂದುಕೊಟ್ಟ ದಿನ."

"ನೀವೆಲ್ ತಂದ್ಕೊಟ್ರಿ? ನಿಮ್ಮಣ್ಣ ರೇಷ್ಮೆಗೂಡು ಮಾರಕ್ಕೆ ರಾಮನಗರಕ್ಕೆ ಬಂದಿದ್ರು, ಅವ್ರ ಕೈಲಿ ಕಳ್ಸಿದ್ರಿ. ಫೋನಲ್ಲಿ ಮಾತು ಕಳ್ಸಿದ್ರಿ. ತಡೀರಿ."

ಅವರು ಫೋನು ತೆಗೆದು ಬಹಳ ಹೊತ್ತು ಬೆರಳಾಡಿಸಿದರು. ನನ್ನದು ಆಮೇಲೆ ಕೊಂಡ ಹೊಸ ಫೋನು, ಹಳೆಯದೇನೂ ಉಳಿದಿರಲಿಲ್ಲ. ಅವರದರಲ್ಲಿ ಎಲ್ಲವೂ ಇತ್ತು. ಬಸ್ಸಿನ ಸದ್ದು, ಹಾರನ್ನು, ಅದರ ನಡುವೆ ನನ್ನ ದನಿ:

"ದೊಡ್ಡಪ್ಪ, ಎಣ್ಣೆ ಅಣ್ಣನ ಕೈಲಿ ಕಳ್ಸಿದ್ದೀನಿ. ಮರಕ್ಕೂ ಹಚ್ಚಿ, ಕಬ್ಬಿಣಕ್ಕೂ ಹಚ್ಚಿ. ದಪ್ಪಗೇ ಹಚ್ಚಿ. ಒಣಗಿ ಪೊರೆ ಥರ ಕೂತ್ಕೊಳ್ಳುತ್ತೆ, ಗಾಳಿ ತಾಗಲ್ಲ, ತುಕ್ಕು ಹಿಡಿಯಲ್ಲ. ಆ ಮಿಷನ್ ಎಣ್ಣೆ ಬೇಡ, ಅದು ಆರಿಹೋಗುತ್ತೆ. ಕಂಡಕ್ಟರ್ ಬಂದ, ಇಡ್ತೀನಿ."

ಎರಡನೆಯ ಸಲ ಹಾಕಿ ಎಂದೆ. ಹಾಕಿದರು. ಒಣಗುತ್ತದೆ ಎನ್ನುವುದು ನನಗೆ ಗೊತ್ತಿತ್ತು, ಹೇಳಿಯೂ ಇದ್ದೆ. ಅದನ್ನೇ ದೊಡ್ಡ ಗುಣ ಎಂದು ಹೇಳಿದ್ದೆ. ತುಕ್ಕಿನ ಬಗ್ಗೆ ಯೋಚಿಸುತ್ತ ಕೋವಿ ಮಡಚಬೇಕು, ಕುದುರೆ ಆಡಬೇಕು ಎನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಹುರುಳಿಯ ಮೊರ, ಬಾಟಲಿ ಮೂಸಿದ ದೊಡ್ಡಪ್ಪ, ತಲೆಯಾಡಿಸಿದ್ದು, ಇವೆಲ್ಲ ಎಲ್ಲಿಂದ ಬಂದವು? ಈಗಲೂ ಕಣ್ಣು ಮುಚ್ಚಿದರೆ ಆ ಮೊರದ ಅಂಚಿಗೆ ಮೆತ್ತಿದ್ದ ಸಗಣಿ ಕಾಣುತ್ತದೆ.

"ಮಾವ ಆವತ್ತೇ ಅಂದ್ರು," ಎಂದರು ಅತ್ತಿಗೆ. "ಒಣಗೋದು ಯಾವ್ ಎಣ್ಣೆ ಕಣವ್ವ, ಅಂತ. ಆಮೇಲೆ, ಓಗ್ಲಿ, ಓದಿರೋನು ಹೇಳವ್ನೆ, ಬಳೀವಾ, ಅಂದ್ರು."

"ಠಾಣೆಯಲ್ಲಿ ಇದನ್ನ ಯಾಕೆ ಕೇಳಿಸಲಿಲ್ಲ ನೀವು?"

"ಕೇಳ್ಸನಾ ಮಾವ ಅಂತ ಕಿವೀಲಿ ಕೇಳ್ದೆ. ಬ್ಯಾಡ ಅಂದ್ರು. ಸರ್ಕಾರಿ ಕಾಗ್ದದಲ್ಲಿ ಹುಡ್ಗನ್ ಹೆಸ್ರು ಬಂದ್ಬುಟ್ರೆ ಕೆಲ್ಸಕ್ಕೆ ತೊಂದ್ರೆಯಾದದು, ಅಂದ್ರು." ಅವರು ಸೂಜಿಗೆ ದಾರ ಪೋಣಿಸಿದರು. "ನಿಮ್ ಕೆಲ್ಸ ಚೆನ್ನಾಗೈತಲ್ಲ ಮೇಷ್ಟ್ರೇ?"

ಸಂಜೆ ದೊಡ್ಡಪ್ಪ ಬಂದರು. ಕೈಯಲ್ಲಿ ತಗಡಿನ ಡಬ್ಬ, ಕೋಲು. ನಾನು ಹೇಳಿದೆ: ತಪ್ಪು ನನ್ನದು, ನಾನೇ ಹೇಳಿದ್ದು. ಅವರು ಕೈಕಾಲು ತೊಳೆದುಕೊಳ್ಳುತ್ತ, "ಗೊತ್ತಲ್ಲ," ಎಂದರು. ಮೇಲಿನವರಿಗೆ ಅರ್ಜಿ ಬರೆಯುತ್ತೇನೆ, ನನ್ನ ತಪ್ಪೆಂದು ಬರೆದುಕೊಡುತ್ತೇನೆ ಎಂದೆ. "ಬರಿ ಬುಡು," ಎಂದರು. ಬರೆದೆ. ಉತ್ತರ ಬಂದಿಲ್ಲ.

ಅವರು ಕೇಳಿದ್ದು ಬೇರೆ. "ಅದು ಅಲ್ಲಿ ಅಂಗೇ ಬಿದ್ದದೆ ಕಣ್ಲಾ. ಆ ಪೊರೆ ಸಂದಿಗೆಲ್ಲ ಇಳ್ದು ಕಲ್ಲಾಗೋಯ್ತದೆ. ಬಂದೂಕ ಕೊಡ್ದಿದ್ರೆ ಬ್ಯಾಡ. ಒಸಿ ಒರ್ಸಿ ಮಡಗ್ಲಿ. ಎರಡು ತೊಟ್ಟು ಮಿಷನ್ ಎಣ್ಣೆ, ಅಷ್ಟೆ. ಹೇಳ್ ಬತ್ತೀಯಾ?"

ಸೀಮೆಎಣ್ಣೆ, ಚಿಂದಿ, ಹೊಲಿಗೆ ಮಿಷನ್ ಎಣ್ಣೆಯ ಹೊಸ ಬಾಟಲಿ ಹಿಡಿದು ಠಾಣೆಗೆ ಹೋದೆ. ಅದೇ ಪೇದೆ ಇದ್ದ. ಲೈಸೆನ್ಸ್ ಇಲ್ಲದವರು ಕೋವಿ ಮುಟ್ಟುವಂತಿಲ್ಲ ಎಂದ. ನೀವೇ ಒರೆಸಿ ಎಂದೆ. "ನೋಡನ, ಮಡಗೋಗಿ ಸಾರ್," ಎಂದ. ಇಟ್ಟು ಬಂದೆ. ತಿಂಗಳು ಬಿಟ್ಟು ವಿಚಾರಿಸಲು ಹೋದಾಗ ಕೋವಿ ಹಾಗೇ ಇತ್ತು. ಬಾಗಿಲಲ್ಲಿ ಕಿರುಗುಟ್ಟುತ್ತಿದ್ದ ಕಬ್ಬಿಣದ ಗೇಟು ಮಾತ್ರ ಸದ್ದಿಲ್ಲದೆ ತೆರೆದುಕೊಂಡಿತು. ಅದರ ಕೀಲಿನಲ್ಲಿ ಎಣ್ಣೆ ಹೊಳೆಯುತ್ತಿತ್ತು. ಕಣ್ಣಿಗೆ ಕಾಣುವಷ್ಟು.

ಆ ದಿನ ದೊಡ್ಡಪ್ಪ ಜಗಲಿಯ ಮೇಲೆ ಕಾಯುತ್ತಿದ್ದರು.

"ಒರ್ಸುದ್ರಾ?"

"ಒರೆಸಿದರು," ಎಂದೆ.

"ಯಾವ ಎಣ್ಣೆ?"

"ಮಿಷನ್ ಎಣ್ಣೆ. ಎರಡು ತೊಟ್ಟು."

"ಮ್ಯಾಲೆ ಬಟ್ಟೇಲಿ ಎಳುದ್ರಾ?"

"ಎಳೆದರು. ನಾನು ನೋಡಿದೆ."

ಅವರು ಹೌದೆಂಬಂತೆ ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ನನ್ನ ಹೆದರಿಕೆ ಬೇರೆ. ಆ ಪೇದೆ ಮೇಜಿನ ಮೇಲೆ ಗೋಣಿತಾಟು ಹಾಸಿ, ಕೋವಿಯನ್ನು ಅಡ್ಡ ಮಲಗಿಸಿ, ಚಿಂದಿಯಿಂದ ನಿಧಾನವಾಗಿ ಒರೆಸುತ್ತಿರುವುದು ಇತ್ತೀಚೆಗೆ ನನಗೆ ನೆನಪಿಗೆ ಬರುತ್ತಿದೆ.